ವಿನಾಯಿತಿಯೂ ನಿಯಮವೂ



ನಮ್ಮ ಕಾಲೇಜುಗಳ ಆಡಳಿತಭಾಷೆಯಲ್ಲಿ ಬಹು ಸಭ್ಯವಾದ ಶಬ್ದವೊಂದಿದೆ: ‘ವಿನಾಯಿತಿ’. ಶುಲ್ಕದಲ್ಲಿ ವಿನಾಯಿತಿ, ಹಾಜರಿಯಲ್ಲಿ ವಿನಾಯಿತಿ, ವಯೋಮಿತಿಯಲ್ಲಿ ವಿನಾಯಿತಿ. ಪಡೆದವನಿಗೆ ಸಮಾಧಾನ, ಕೊಟ್ಟವನಿಗೆ ಪುಣ್ಯ. ಆದರೆ ಈ ಶಬ್ದ ಆಟದ ಬಯಲಿನ ಅಂಚಿಗೆ ಬಂದು ನಿಂತಾಗ ಅದರ ಅರ್ಥ ಸದ್ದಿಲ್ಲದೆ ಬದಲಾಗುತ್ತದೆ. ಕಾಲು ಊನವಾದ ಹುಡುಗಿಗೋ ಕಣ್ಣು ಕಾಣದ ಹುಡುಗನಿಗೋ ‘ಕ್ರೀಡೆಯಿಂದ ವಿನಾಯಿತಿ ನೀಡಲಾಗಿದೆ’ ಎಂದು ಬರೆದುಕೊಟ್ಟರೆ, ಅದರ ತಿರುಳು ‘ನೀನು ಹೊರಗೆ ಕುಳಿತಿರು’ ಎಂದೇ. ಹೊರಗಿಡುವುದನ್ನು ಉಪಕಾರದಂತೆ ತೋರಿಸುವ ಜಾಣತನ ಈ ಶಬ್ದಕ್ಕೆ ಒಲಿದಿದೆ. ಅಂಗವಿಕಲ ವಿದ್ಯಾರ್ಥಿಗಳ ಕ್ರೀಡೆಯನ್ನು ಕುರಿತು ನಾಲ್ಕು ಮಾತು ಹೇಳಲು ಹೊರಟಿರುವ ನಾನು ಕನ್ನಡದ ಮೇಷ್ಟರಾಗಿದ್ದವನು, ವ್ಯಾಯಾಮಶಾಸ್ತ್ರ ಬಲ್ಲವನಲ್ಲ. ಆದ್ದರಿಂದ ಶಬ್ದಗಳಿಂದಲೇ ಪ್ರಾರಂಭಿಸುತ್ತೇನೆ.

ಗಾದೆ ವೇದಕ್ಕೆ ಸಮಾನ ಎನ್ನುತ್ತೇವೆ. ಆದರೆ ‘ಕುಂಟನಿಗೆ ಎಂಟು ಚೇಷ್ಟೆ’ ಎಂಬುದೂ ನಮ್ಮ ಗಾದೆಯೇ. ಎರಡು ಕಾಲಿನವನು ಆಡಿದರೆ ಆಟ. ಕುಂಟನು ಆಡಿದರೆ ಚೇಷ್ಟೆ! ಇಂಥ ಮಾತುಗಳಿಗೆ ನಾಚಿಕೊಂಡು ನಾವು ಹೊಸ ಶಬ್ದಗಳನ್ನು ಕಟ್ಟಿದೆವು. ‘ವಿಕಲಚೇತನ’ ಎಂಬುದು ಈಗ ಸರ್ಕಾರದ ಇಲಾಖೆಯೊಂದರ ಹೆಸರಿನಲ್ಲಿಯೇ ಸೇರಿದೆ. ವ್ಯಾಕರಣದ ವಿದ್ಯಾರ್ಥಿಯೊಬ್ಬನು ಇದರ ಸಮಾಸವನ್ನು ಬಿಡಿಸಿದರೆ ‘ವಿಕಲವಾದ ಚೇತನವುಳ್ಳವನು’ ಎಂದಾಗುತ್ತದೆ. ಕೈಯಲ್ಲಿಯೋ ಕಾಲಿನಲ್ಲಿಯೋ ಇದ್ದ ಊನವನ್ನು ಒಯ್ದು ಚೇತನಕ್ಕೆ ಅಂಟಿಸಿದಂತಾಯಿತು. ಈಚಿನ ‘ದಿವ್ಯಾಂಗ’ವಂತೂ ಮನುಷ್ಯನನ್ನು ದೇವತೆಗಳ ಸಾಲಿಗೆ ಏರಿಸಿಬಿಟ್ಟಿದೆ. ಗರ್ಭಗುಡಿಯಲ್ಲಿರುವ ದೇವರು ಬೀದಿಗಿಳಿದು ಚಿನ್ನಿದಾಂಡು ಆಡಲಾರನಷ್ಟೆ. ಹೀನವಾಗಿ ಕಂಡರೂ ಆಟವಿಲ್ಲ, ದಿವ್ಯವಾಗಿ ಕಂಡರೂ ಆಟವಿಲ್ಲ ಎಂಬಂತಾಗಿದೆ ಇವರ ಪಾಡು.

ಕನ್ನಡ ನಾಡು ಅಂಗವೈಕಲ್ಯವುಳ್ಳವರಿಗೆ ಏನನ್ನೂ ಮಾಡಲಿಲ್ಲವೆಂದು ನಾನು ಹೇಳುತ್ತಿಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆಯಿರಿ. ಪಂಚಾಕ್ಷರ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಅಂಧರು. ಅವರ ಆಶ್ರಯದಲ್ಲಿ ಎಷ್ಟೋ ಮಂದಿ ಅಂಧ ಮಕ್ಕಳು ಸಂಗೀತವನ್ನು ಕಲಿತು ಸ್ವಾವಲಂಬಿಗಳಾದರು. ಅಲ್ಲಿ ಯಾರಿಗೂ ತಾಳದಲ್ಲಿ ವಿನಾಯಿತಿಯಿರಲಿಲ್ಲ; ಶ್ರುತಿ ತಪ್ಪಿದರೆ ತಪ್ಪಿತೆಂದೇ ಲೆಕ್ಕ. ಆ ಕಟ್ಟುನಿಟ್ಟಿನಿಂದಲೇ ಅವರು ಕಲಾವಿದರಾದರು. ಆದರೆ ಕಣ್ಣಿಲ್ಲದವನಿಗೆ ಹಾರ್ಮೋನಿಯಂ ಒಂದನ್ನು ಕೊಟ್ಟರೆ ನಮ್ಮ ಕರ್ತವ್ಯ ಮುಗಿಯಿತೆಂದು ಸಮಾಜ ತಿಳಿದದ್ದುಂಟು. ಅವನಿಗೂ ಹದಿನೆಂಟರ ಹರೆಯವಿದೆ, ಓಡಬೇಕೆನ್ನುವ ಕಾಲುಗಳಿವೆ, ಬೀಸಬೇಕೆನ್ನುವ ತೋಳುಗಳಿವೆ ಎಂಬುದು ನಮಗೆ ತಟ್ಟನೆ ಹೊಳೆಯುವುದಿಲ್ಲ.

ಹೊಳೆದರೆ ಏನಾಗುತ್ತದೆ ಎಂಬುದಕ್ಕೆ ಅಂಧರ ಕ್ರಿಕೆಟ್ಟೇ ನಿದರ್ಶನ. ೧೯೨೨ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿ ದುಡಿಯುತ್ತಿದ್ದ ಅಂಧ ಕಾರ್ಮಿಕರು ತಗಡಿನ ಡಬ್ಬಿಯೊಳಗೆ ಕಲ್ಲುಹರಳುಗಳನ್ನು ಹಾಕಿ, ಅದನ್ನೇ ಚೆಂಡಾಗಿ ಮಾಡಿಕೊಂಡು ಆಡತೊಡಗಿದ್ದು ಈ ಆಟದ ಮೂಲ. ಇಂದಿನ ಚೆಂಡು ಗಟ್ಟಿ ಪ್ಲಾಸ್ಟಿಕ್ಕಿನದು. ಅದರೊಳಗಿರುವ ಲೋಹದ ಗುಂಡುಗಳು ಚೆಂಡು ಉರುಳಿದಂತೆಲ್ಲ ಗಲಗಲ ಸದ್ದು ಮಾಡುತ್ತವೆ. ಚೆಂಡನ್ನು ಭುಜದ ಮೇಲಿಂದ ಎಸೆಯುವಂತಿಲ್ಲ. ಕೆಳಗೈಯಿಂದಲೇ ಬಿಡಬೇಕು, ಅದು ಪಿಚ್ಚಿನ ನಡುಗೆರೆಗೆ ಮುನ್ನವೇ ನೆಲವನ್ನು ಮುಟ್ಟಬೇಕು. ಬೌಲರನು ಮೊದಲು ‘ಸಿದ್ಧವೇ?’ ಎಂದು ಕೂಗುತ್ತಾನೆ. ದಾಂಡಿಗನು ‘ಹೌದು’ ಎಂದ ಮೇಲೆ, ‘ಪ್ಲೇ’ ಎನ್ನುತ್ತ ಚೆಂಡನ್ನು ಬಿಡುತ್ತಾನೆ. ಸ್ಟಂಪುಗಳು ಲೋಹದವು, ಚೆಂಡು ತಗುಲಿದರೆ ಎಲ್ಲರ ಕಿವಿಗೂ ತೀರ್ಪು ಮುಟ್ಟುತ್ತದೆ.

ಹನ್ನೊಂದು ಜನರ ತಂಡದಲ್ಲಿ ಕಡೆಯಪಕ್ಷ ನಾಲ್ವರು ಸಂಪೂರ್ಣ ಅಂಧರಿರಬೇಕು. ಉಳಿದವರು ಅಲ್ಪಸ್ವಲ್ಪ ದೃಷ್ಟಿಯುಳ್ಳ ಎರಡು ವರ್ಗಗಳವರು. ಸಂಪೂರ್ಣ ಅಂಧನಾದ ದಾಂಡಿಗನು ಹೊಡೆದ ಓಟಗಳು ಇಮ್ಮಡಿಯಾಗಿ ಲೆಕ್ಕಕ್ಕೆ ಸೇರುತ್ತವೆ. ಅವನ ಪರವಾಗಿ ಓಡಲು ಇನ್ನೊಬ್ಬನಿರುತ್ತಾನೆ. ಅವನು ಕ್ಷೇತ್ರರಕ್ಷಣೆಯಲ್ಲಿದ್ದಾಗ ಒಂದು ಪುಟಿತದ ನಂತರ ಹಿಡಿದ ಚೆಂಡೂ ಕ್ಯಾಚೇ ಆಗುತ್ತದೆ. ಇದನ್ನು ಕೇಳಿದವರು ‘ಕೃಪಾಂಕ ಕೊಟ್ಟಂತಾಯಿತಲ್ಲ’ ಎನ್ನಬಹುದು. ಪರೀಕ್ಷೆಯಲ್ಲಿ ಕೃಪಾಂಕ ಬರುವುದು ಎಲ್ಲ ಮುಗಿದ ಮೇಲೆ, ಸೋತವನನ್ನು ದಡ ಮುಟ್ಟಿಸುವುದಕ್ಕಾಗಿ. ಇಲ್ಲಿನ ಇಮ್ಮಡಿ ಓಟವಾದರೋ ಆಟ ಆರಂಭವಾಗುವ ಮುನ್ನವೇ ಎರಡು ತಂಡಗಳಿಗೂ ಗೊತ್ತಿರುವ ಕಟ್ಟಳೆ. ಸಂಪೂರ್ಣ ಅಂಧನನ್ನು ಯಾವಾಗ ದಾಂಡಿಗೆ ಕಳುಹಿಸಬೇಕು ಎಂಬುದೇ ನಾಯಕನ ಚದುರಂಗವಾಗುತ್ತದೆ. ಬೇರೆಡೆ ತಂಡಕ್ಕೆ ಹೊರೆಯೆನಿಸಬಹುದಾಗಿದ್ದವನನ್ನು ಈ ನಿಯಮ ತಂಡದ ಆಸ್ತಿಯನ್ನಾಗಿ ಮಾಡಿದೆ.

ಈ ಆಟದ ಚರಿತ್ರೆಯಲ್ಲಿ ನಮ್ಮ ಬೆಂಗಳೂರಿಗೆ ಹಿರಿದಾದ ಸ್ಥಾನವಿದೆ. ಸ್ವತಃ ಅಂಧರಾದ ಮಹಾಂತೇಶ ಕಿವಡಸಣ್ಣವರ ಅವರೂ ಅವರ ಗೆಳೆಯರೂ ೧೯೯೭ರಲ್ಲಿ ಇಲ್ಲಿ ಸ್ಥಾಪಿಸಿದ ‘ಸಮರ್ಥನಂ’ ಸಂಸ್ಥೆ ಅಂಧರ ಕ್ರಿಕೆಟ್ಟಿಗೆ ದೇಶದಲ್ಲಿ ನೆಲೆಯನ್ನು ಒದಗಿಸಿತು. ಅಂಧರ ಮೊದಲ ಟಿ-೨೦ ವಿಶ್ವಕಪ್ ನಡೆದದ್ದು ೨೦೧೨ರ ಡಿಸೆಂಬರಿನಲ್ಲಿ, ಬೆಂಗಳೂರಿನಲ್ಲಿ. ಅಂತಿಮ ಪಂದ್ಯದಲ್ಲಿ ಪಾಕಿಸ್ತಾನವನ್ನು ಸೋಲಿಸಿದ ಭಾರತ ತಂಡದ ನಾಯಕರು ಶಿವಮೊಗ್ಗದ ಅಂಧರ ಶಾಲೆಯಲ್ಲಿ ಆಟ ಕಲಿತ ಶೇಖರ್ ನಾಯಕ್. ಅವರಿಗೆ ೨೦೧೭ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷದ ಫೆಬ್ರವರಿಯಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತವು ಎರಡನೆಯ ಬಾರಿ ಆ ಕಪ್ಪನ್ನು ಗೆದ್ದಿತು. ೨೦೨೫ರ ನವೆಂಬರಿನಲ್ಲಿ ಕೊಲಂಬೊದಲ್ಲಿ ಅಂಧ ಮಹಿಳೆಯರ ಪ್ರಥಮ ಟಿ-೨೦ ವಿಶ್ವಕಪ್ಪನ್ನು ಗೆದ್ದ ತಂಡದ ನಾಯಕಿ, ಕರ್ನಾಟಕದ ಪರವಾಗಿ ಆಡುವ ದೀಪಿಕಾ ಟಿ. ಸಿ.

ಸಾಹಿತ್ಯದ ವಿದ್ಯಾರ್ಥಿಗೆ ಇದೆಲ್ಲ ಛಂದಸ್ಸನ್ನು ನೆನಪಿಗೆ ತರುತ್ತದೆ. ನಮ್ಮಲ್ಲಿ ಆರು ಬಗೆಯ ಷಟ್ಪದಿಗಳಿವೆ: ಶರ, ಕುಸುಮ, ಭೋಗ, ಭಾಮಿನಿ, ಪರಿವರ್ಧಿನಿ, ವಾರ್ಧಕ. ಕುಮಾರವ್ಯಾಸ ಆರಿಸಿಕೊಂಡದ್ದು ಭಾಮಿನಿಯನ್ನು; ಲಕ್ಷ್ಮೀಶ ಆರಿಸಿಕೊಂಡದ್ದು ವಾರ್ಧಕವನ್ನು. ವಾರ್ಧಕದ ಸಾಲಿನಲ್ಲಿ ಮಾತ್ರೆಗಳು ಹೆಚ್ಚಿರುವುದರಿಂದ ಲಕ್ಷ್ಮೀಶನಿಗೆ ವಿನಾಯಿತಿ ದೊರೆಯಿತೆಂದು ಯಾವ ವಿಮರ್ಶಕನೂ ಬರೆದಿಲ್ಲ. ಭಾಮಿನಿಯ ಗಣ ಭಾಮಿನಿಗೆ, ವಾರ್ಧಕದ ಗಣ ವಾರ್ಧಕಕ್ಕೆ. ತನ್ನ ಕಟ್ಟಿನೊಳಗೆ ಪ್ರತಿಯೊಂದೂ ಕಠಿಣವೇ. ಆಟವೂ ಹಾಗೆಯೇ. ಹನ್ನೊಂದು ಮಂದಿ ಕಣ್ಣುಳ್ಳವರ ಕ್ರಿಕೆಟ್ ಒಂದು ಛಂದಸ್ಸು, ಅಂಧರ ಕ್ರಿಕೆಟ್ ಇನ್ನೊಂದು. ಎರಡನೆಯದನ್ನು ಮೊದಲನೆಯದರ ಮುರುಕು ರೂಪವೆಂದು ಓದಿದರೆ ಛಂದಸ್ಸನ್ನರಿಯದೆ ಕಾವ್ಯವನ್ನು ಓದಿದಂತಾಗುತ್ತದೆ.

ಗಾಲಿಕುರ್ಚಿಯ ಬ್ಯಾಸ್ಕೆಟ್‌ಬಾಲಿನಲ್ಲಿ ಈ ತತ್ತ್ವ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಬುಟ್ಟಿಯ ಎತ್ತರವನ್ನು ಅಲ್ಲಿ ಒಂದಂಗುಲವೂ ತಗ್ಗಿಸಿಲ್ಲ. ಎಲ್ಲರಿಗೂ ಇರುವ ಹತ್ತು ಅಡಿಯೇ. ಆದರೆ ಪ್ರತಿ ಆಟಗಾರನಿಗೂ ಅವನ ದೇಹಸಾಮರ್ಥ್ಯವನ್ನು ನೋಡಿ ಒಂದರಿಂದ ನಾಲ್ಕೂವರೆಯವರೆಗೆ ಒಂದು ಅಂಕವನ್ನು ಗೊತ್ತುಮಾಡುತ್ತಾರೆ. ಅಂಕಣದಲ್ಲಿರುವ ಐವರ ಅಂಕಗಳ ಮೊತ್ತ ೧೪ನ್ನು ಮೀರಕೂಡದು. ಬಲಿಷ್ಠರನ್ನೇ ಆಯ್ದು ತುಂಬಿಕೊಳ್ಳೋಣವೆಂದರೆ ಲೆಕ್ಕ ಮೀರಿಹೋಗುತ್ತದೆ. ಹೆಚ್ಚು ಊನವುಳ್ಳವನನ್ನು ಬಿಟ್ಟು ತಂಡ ಕಟ್ಟುವುದೇ ಸಾಧ್ಯವಾಗದಂತೆ ನಿಯಮವನ್ನು ಹೆಣೆದಿದ್ದಾರೆ. ನಮ್ಮ ಸಾಮಾಜಿಕ ಜೀವನಕ್ಕೂ ಇಂಥದೊಂದು ಲೆಕ್ಕವಿದ್ದಿದ್ದರೆ ಎಂದು ಯಾರಿಗಾದರೂ ಅನ್ನಿಸದಿರದು.

ಇಂಥ ಆಟಗಳ ಇತಿಹಾಸದಲ್ಲಿ ೧೯೪೮ನೆಯ ಇಸವಿ ಮುಖ್ಯವಾದುದು. ಆ ವರ್ಷದ ಜುಲೈ ೨೯ರಂದು, ಲಂಡನ್ನಿನ ಒಲಿಂಪಿಕ್ಸ್ ಉದ್ಘಾಟನೆಯಾದ ದಿನವೇ, ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯ ಡಾ. ಲುಡ್ವಿಗ್ ಗುಟ್‌ಮನ್ನರು ಬೆನ್ನುಹುರಿಗೆ ಪೆಟ್ಟು ಬಿದ್ದಿದ್ದ ಹದಿನಾರು ಮಂದಿಗೆ ಬಿಲ್ಲುಗಾರಿಕೆಯ ಪಂದ್ಯವೊಂದನ್ನು ಏರ್ಪಡಿಸಿದರು. ಇಂದಿನ ಪ್ಯಾರಾಲಿಂಪಿಕ್ಸ್ ಚಿಗುರಿದ್ದು ಅಲ್ಲಿಂದ. ಅದೇ ವರ್ಷ ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಟಿಮೊಥಿ ನ್ಯೂಜೆಂಟ್ ಎಂಬವರು ಯುದ್ಧದಲ್ಲಿ ಗಾಯಗೊಂಡು ಬಂದ ವಿದ್ಯಾರ್ಥಿಗಳಿಗಾಗಿ ಯೋಜನೆಯೊಂದನ್ನು ಪ್ರಾರಂಭಿಸಿ, ಗಾಲಿಕುರ್ಚಿಯ ಬ್ಯಾಸ್ಕೆಟ್‌ಬಾಲ್ ತಂಡವನ್ನೂ ಕಟ್ಟಿದರು. ಒಂದು ಆಸ್ಪತ್ರೆಯಲ್ಲಿ, ಇನ್ನೊಂದು ಕಾಲೇಜಿನಲ್ಲಿ. ಆಸ್ಪತ್ರೆಯಲ್ಲಿ ಆಟ ಚಿಕಿತ್ಸೆಯಾಗಿ ಹುಟ್ಟಿತು. ಕಾಲೇಜಿನಲ್ಲಿ ಅದು ವಿದ್ಯೆಯ ಭಾಗವಾಯಿತು. ನಮ್ಮ ದೇಶದಲ್ಲಿ ಈ ಎರಡನೆಯ ಕವಲು ಇನ್ನೂ ಸರಿಯಾಗಿ ಬೇರೂರಿಲ್ಲ.

ನಮ್ಮವರ ಸಾಧನೆಗೇನೂ ಕೊರತೆಯಿಲ್ಲ. ಶೈಶವದಲ್ಲಿಯೇ ಪೋಲಿಯೋಗೆ ತುತ್ತಾಗಿ, ಹಲವಾರು ಶಸ್ತ್ರಚಿಕಿತ್ಸೆಗಳನ್ನು ಸಹಿಸಿ, ಬೆಂಗಳೂರಿನ ಮಹಾರಾಣಿ ಕಾಲೇಜಿನಲ್ಲಿ ಓದಿದ ಮಾಲತಿ ಹೊಳ್ಳ ಅವರು ೧೯೯೫ರಲ್ಲಿ ಅರ್ಜುನ ಪ್ರಶಸ್ತಿಯನ್ನೂ ೨೦೦೧ರಲ್ಲಿ ಪದ್ಮಶ್ರೀಯನ್ನೂ ಪಡೆದರು. ಹಾಸನ ಜಿಲ್ಲೆಯ ಎಚ್. ಎನ್. ಗಿರೀಶ ೨೦೧೨ರ ಲಂಡನ್ ಪ್ಯಾರಾಲಿಂಪಿಕ್ಸಿನಲ್ಲಿ ೧.೭೪ ಮೀಟರ್ ಎತ್ತರ ಜಿಗಿದು ಬೆಳ್ಳಿಯನ್ನು ತಂದರು. ಬೆಂಗಳೂರಿನ ಈಜುಗಾರ ಶರತ್ ಗಾಯಕವಾಡ್ ೨೦೧೪ರ ಏಷ್ಯನ್ ಪ್ಯಾರಾ ಕ್ರೀಡಾಕೂಟವೊಂದರಲ್ಲಿಯೇ ಆರು ಪದಕಗಳನ್ನು ಗೆದ್ದರು. ಈ ಹೆಸರುಗಳನ್ನು ಕೇಳಿ ನಾವು ಚಪ್ಪಾಳೆ ತಟ್ಟುತ್ತೇವೆ, ತಟ್ಟಲೇಬೇಕು. ಆದರೆ ಪದಕ ಗೆದ್ದವರನ್ನು ಮಾತ್ರ ಕಾಣುವ ಕಣ್ಣು, ಪದಕ ಗೆಲ್ಲಲಾರದ ಸಾಮಾನ್ಯ ವಿದ್ಯಾರ್ಥಿಯನ್ನು ಕಾಣುವುದಿಲ್ಲ. ಎರಡು ಕಾಲುಗಳಿರುವ ಹುಡುಗರೆಲ್ಲ ಒಲಿಂಪಿಕ್ಸಿಗೆ ಹೋಗುತ್ತಾರೆಯೇ? ಸಂಜೆ ಒಂದು ಗಂಟೆ ಆಡಿ, ಬೆವರು ಸುರಿಸಿ, ಸೋತು, ಒಬ್ಬರನ್ನೊಬ್ಬರು ಬೈದಾಡಿಕೊಂಡು, ಕ್ಯಾಂಟೀನಿನಲ್ಲಿ ಒಟ್ಟಿಗೆ ಕಾಫಿ ಕುಡಿದು ಮನೆಗೆ ಹೋಗುತ್ತಾರೆ. ಊನವುಳ್ಳವನಿಗೆ ಮಾತ್ರ ಆಡಬೇಕಾದರೆ ವೀರನಾಗಿರಲೇಬೇಕೆಂಬ ಷರತ್ತು ಏಕೆ?

ನಾನು ಪಾಠ ಹೇಳುತ್ತಿದ್ದ ಕಾಲೇಜೊಂದರಲ್ಲಿ ಊರುಗೋಲು ಹಿಡಿದು ನಡೆಯುವ ಒಬ್ಬ ವಿದ್ಯಾರ್ಥಿಯಿದ್ದ. ಮೂರು ವರ್ಷವೂ ಕಾಲೇಜಿನ ಕ್ರಿಕೆಟ್ ತಂಡಕ್ಕೆ ಸ್ಕೋರು ಬರೆದವನು ಅವನೇ. ಯಾವ ಬೌಲರು ಎಲ್ಲಿ ದಣಿಯುತ್ತಾನೆ, ಯಾವ ದಾಂಡಿಗನಿಗೆ ಯಾವ ಚೆಂಡು ಮುಳುವು ಎಂಬುದನ್ನು ನಾಯಕನಿಗಿಂತ ಚೆನ್ನಾಗಿ ಬಲ್ಲವನು. ಅವನ ಮುದ್ದಾದ ಅಕ್ಷರದಲ್ಲಿ ತುಂಬಿದ ಆ ಪುಸ್ತಕಗಳಲ್ಲಿ ಎಲ್ಲರ ಹೆಸರೂ ಇತ್ತು, ಅವನದೊಂದಿರಲಿಲ್ಲ. ಒಮ್ಮೆ ತಂಡ ಹೀನಾಯವಾಗಿ ಸೋತಾಗ ನಾನು ಸಮಾಧಾನದ ಮಾತನಾಡಿದೆ. ಅವನು ನಕ್ಕು, ‘ಸೋತದ್ದು ಅವರು ಸಾರ್, ನಾನಲ್ಲ. ನನಗೆ ಸೋಲುವುದಕ್ಕೂ ಅವಕಾಶವಿಲ್ಲ’ ಎಂದ. ಸೋಲುವ ಹಕ್ಕು ಎಂಬುದೊಂದುಂಟು ಎಂದು ನನಗೆ ತಿಳಿಸಿದವನು ಅವನು. ವಿನಾಯಿತಿ ಪಡೆದವನು ಎಂದೂ ಸೋಲುವುದಿಲ್ಲ. ಸೋಲದವನಿಗೆ ನಾಳೆ ಮತ್ತೆ ಬಂದು ನೋಡುತ್ತೇನೆಂಬ ಛಲವೂ ಹುಟ್ಟುವುದಿಲ್ಲ.

ಇನ್ನು ಮಾಡಬೇಕಾದದ್ದೇನು? ಕಾನೂನು ಈಗಾಗಲೇ ದಾರಿ ತೋರಿಸಿದೆ. ೨೦೧೬ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ೨೧ ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಸರ್ಕಾರದ ಮತ್ತು ಸರ್ಕಾರದ ನೆರವು ಪಡೆಯುವ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇಕಡ ೫ರಷ್ಟು ಸ್ಥಾನಗಳನ್ನು ಮೀಸಲಿಡಬೇಕೆಂದಿದೆ. ಅದರ ಮೂವತ್ತನೆಯ ಪ್ರಕರಣ ಕ್ರೀಡೆಗೇ ಮೀಸಲಾದುದು: ಅಂಗವಿಕಲರು ಆಟೋಟಗಳಲ್ಲಿ ಪಾಲ್ಗೊಳ್ಳುವಂತೆ ಸರ್ಕಾರ ಕ್ರಮ ಕೈಗೊಳ್ಳಬೇಕು, ಕ್ರೀಡಾಸೌಲಭ್ಯಗಳನ್ನು ಅವರಿಗೆ ಒದಗುವಂತೆ ಮಾರ್ಪಡಿಸಬೇಕು ಎನ್ನುತ್ತದೆ. ಕಾಲೇಜಿನ ಮುಂಬಾಗಿಲಲ್ಲಿ ಒಂದು ಇಳಿಜಾರು ಕಟ್ಟಿದರೆ ಸಾಲದು. ಆ ಇಳಿಜಾರು ಆಟದ ಬಯಲಿನವರೆಗೂ ಹೋಗಬೇಕು.

ನಾನು ವಾಸವಾಗಿರುವ ಬೆಂಗಳೂರಿನ ಉತ್ತರ ಭಾಗವನ್ನೇ ನೋಡಿ. ಹೆಬ್ಬಾಳದಿಂದ ಕೃಷಿ ವಿಶ್ವವಿದ್ಯಾನಿಲಯದ ಹಸಿರು ಆವರಣವನ್ನು ದಾಟಿ, ನಾಡಪ್ರಭುಗಳ ಯಲಹಂಕವನ್ನು ತಲಪುವಷ್ಟರಲ್ಲಿ ಎಷ್ಟು ವಿದ್ಯಾಸಂಸ್ಥೆಗಳು! ಯಶವಂತಪುರದ ಕಡೆಗೆ, ಆರ್. ಟಿ. ನಗರದ ಕಡೆಗೆ ಹೊರಳಿದರೆ ಇನ್ನೂ ಹಲವು. ‘ನಮ್ಮಲ್ಲಿ ಇರುವ ಅಂಧ ವಿದ್ಯಾರ್ಥಿಗಳು ಇಬ್ಬರೋ ಮೂವರೋ, ಅವರಿಗೆ ತಂಡವೆಲ್ಲಿಂದ ತರೋಣ?’ ಎಂದು ಪ್ರಾಂಶುಪಾಲರು ಕೇಳುವುದು ಸಹಜ. ಆದರೆ ಇಲ್ಲಿ ಇಬ್ಬರು, ಅಲ್ಲಿ ಮೂವರು, ಮತ್ತೊಂದೆಡೆ ನಾಲ್ವರು ಸೇರಿದರೆ ಹನ್ನೊಂದಕ್ಕೆ ಇನ್ನೆಷ್ಟು ದೂರ? ನಾಲ್ಕಾರು ನೆರೆಯ ಕಾಲೇಜುಗಳು ಒಗ್ಗೂಡಿ, ವಾರಕ್ಕೊಂದು ಮಧ್ಯಾಹ್ನ ಒಂದೇ ಬಯಲಿನಲ್ಲಿ ಸೇರುವ ಏರ್ಪಾಡು ಮಾಡಿಕೊಂಡರೆ ಸಾಕು. ಸದ್ದು ಮಾಡುವ ಚೆಂಡಿಗೆ ಭಾರಿ ಅನುದಾನವೇನೂ ಬೇಡ. ಆಟದ ಗಾಲಿಕುರ್ಚಿಗಳು ದುಬಾರಿಯೇ ಹೌದು. ಅವನ್ನು ಎಲ್ಲ ಕಾಲೇಜುಗಳೂ ಸೇರಿ ಕೊಂಡು ಹಂಚಿಕೊಳ್ಳಬಹುದು. ದೈಹಿಕ ಶಿಕ್ಷಣ ನಿರ್ದೇಶಕರಿಗೆ ಈ ಆಟಗಳ ನಿಯಮಗಳಲ್ಲಿ ತರಬೇತಿ ಬೇಕು. ಕಣ್ಣುಳ್ಳ ವಿದ್ಯಾರ್ಥಿಗಳೂ ಬಟ್ಟೆ ಕಟ್ಟಿಕೊಂಡು ಒಂದೆರಡು ಓವರು ಆಡಲಿ. ಯಾರ ಕಿವಿ ಎಷ್ಟು ಪಳಗಿದೆಯೆಂಬುದು ಆಗ ಬಯಲಾಗುತ್ತದೆ.

ಬಿದ್ದು ಪೆಟ್ಟು ಮಾಡಿಕೊಂಡಾರೆಂಬ ಭಯ ಹೆತ್ತವರಿಗಿರುತ್ತದೆ. ಅದನ್ನು ಹಗುರವಾಗಿ ಕಾಣಬಾರದು. ವೈದ್ಯರ ಸಲಹೆ ಪಡೆದೇ ಮುಂದುವರಿಯಬೇಕು. ಆದರೂ ಆಟವೆಂದರೆ ಬೀಳುವುದೂ ಏಳುವುದೂ ಸೇರಿಯೇ ಇರುತ್ತದೆ. ಮಂಡಿ ತರಚಿದ ಗಾಯ ವಾರದಲ್ಲಿ ಮಾಯುತ್ತದೆ. ಬಯಲಿನ ಅಂಚಿನಲ್ಲಿ ಕುಳಿತು ಕಳೆದ ಮೂರು ವರ್ಷಗಳ ಗಾಯ ಅಷ್ಟು ಬೇಗ ಮಾಯುವುದಿಲ್ಲ.

ಅಂಧರ ಕ್ರಿಕೆಟ್ಟಿನಲ್ಲಿ ಪ್ರೇಕ್ಷಕರು ಪಾಲಿಸಬೇಕಾದ ಕಟ್ಟಳೆಯೂ ಒಂದುಂಟು. ಚೆಂಡು ಉರುಳುತ್ತಿರುವಷ್ಟು ಹೊತ್ತು ಯಾರೂ ಸದ್ದು ಮಾಡಕೂಡದು. ಕರುಣೆಯ ಉದ್ಗಾರವೂ ಹೊಗಳಿಕೆಯ ಕೂಗೂ ಆಗ ಆಟಗಾರನಿಗೆ ಅಡ್ಡಿಯೇ. ಅವನು ಚೆಂಡಿನ ದನಿಗೆ ಕಿವಿಗೊಟ್ಟಿರುತ್ತಾನೆ. ಹೊಡೆತ ಬಿದ್ದು ಆಟ ನಿಂತ ಮೇಲೆ, ಚೆನ್ನಾಗಿ ಆಡಿದ್ದರೆ ಚಪ್ಪಾಳೆ ತಟ್ಟೋಣ. ಚೆನ್ನಾಗಿ ಆಡದಿದ್ದರೆ, ಬೇರೆ ಯಾವ ಆಟಗಾರನಿಗೆ ಹೇಳುವಂತೆಯೇ ಅವನಿಗೂ ಹೇಳೋಣ: ‘ನಾಳೆ ಬೇಗ ಬಾ, ಅಭ್ಯಾಸ ಸಾಲದು.’