ಹಾಲಿನಂತೆ ಲೆಕ್ಕವೂ ಕೆಡದಿರಲಿ

(ಸಂಘಗಳ ಕಾರ್ಯದರ್ಶಿಗಳು ಹಾಗೂ ಸದಸ್ಯರ ತರಬೇತಿ ಶಿಬಿರದಲ್ಲಿ ಒಕ್ಕೂಟದ ಪಶುವೈದ್ಯ ವಿಸ್ತರಣಾಧಿಕಾರಿ ಮಾಡಿದ ಭಾಷಣ)



ಪಶುವೈದ್ಯರಾದವರು ಬೆದೆ, ಕೆಚ್ಚಲು ಬಾವು, ಮೇವಿನ ವಿಷಯ ಹೇಳಬೇಕು, ಗಣಕಯಂತ್ರದ ಉಸಾಬರಿ ಇವರಿಗೇಕೆ ಎಂದು ನೀವು ಕೇಳಬಹುದು. ಕಾರಣವಿದೆ. ಇಂದು ನಿಮ್ಮ ರಾಸಿನ ಆರೋಗ್ಯವೂ ನಿಮ್ಮ ಹಾಲಿನ ಬಟವಾಡೆಯೂ ಗಣಕಯಂತ್ರದಲ್ಲಿ ದಾಖಲಾದ ಅಂಕಿಗಳ ಮೇಲೆ ನಿಂತಿವೆ. ಆ ಅಂಕಿಗಳು ಎಲ್ಲಿರುತ್ತವೆ, ಅವನ್ನು ಹೇಗೆ ಕಾಪಾಡಬೇಕು ಎಂಬುದು ಪ್ರತಿಯೊಬ್ಬ ಸದಸ್ಯನಿಗೂ ತಿಳಿದಿರಬೇಕು.

ಒಂದು ಸಣ್ಣ ಲೆಕ್ಕ ನೋಡಿ. 100 ಸದಸ್ಯರು ಎರಡು ಹೊತ್ತು ಹಾಲು ಹಾಕುವ ಸಂಘದಲ್ಲಿ ದಿನಕ್ಕೆ 200 ದಾಖಲೆಗಳು, ವರ್ಷಕ್ಕೆ 73,000 ದಾಖಲೆಗಳು. ಪ್ರತಿಯೊಂದರಲ್ಲೂ ಲೀಟರು, ಜಿಡ್ಡಿನಂಶ, ಜಿಡ್ಡೇತರ ಘನಾಂಶ, ದರ ಇರುತ್ತವೆ. ಸರ್ಕಾರದ ಪ್ರೋತ್ಸಾಹಧನ 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಆರಂಭವಾಗಿ 2013ರಲ್ಲಿ 4, 2016ರಲ್ಲಿ 5 ರೂಪಾಯಿ ಆಯಿತು. 5 ರೂಪಾಯಿಯಂತೆ ಎಣಿಸಿದರೂ ದಿನಕ್ಕೆ 10 ಲೀಟರ್ ಹಾಕುವ ಮನೆಗೆ ತಿಂಗಳಿಗೆ 1,500 ರೂಪಾಯಿ. ದಾಖಲೆ ಇಲ್ಲದಿದ್ದರೆ ಈ ಹಣಕ್ಕೆ ಆಧಾರವೇ ಇಲ್ಲ.

ರಾಸಿನ ಮಾತಿಗೆ ಬರೋಣ. ಕಿವಿಯೋಲೆಯ 12 ಅಂಕಿಗಳೇ ನಿಮ್ಮ ಹಸುವಿನ ಗುರುತು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಪ್ರಾಣಿ ರೋಗ ನಿಯಂತ್ರಣ ಕಾರ್ಯಕ್ರಮದಡಿ ಹಾಕಿದ ಲಸಿಕೆಗಳು ಈ ಸಂಖ್ಯೆಯ ಕೆಳಗೇ ದಾಖಲಾಗುತ್ತವೆ. ಗರ್ಭಪಾತ ತರುವ ಕಂದು ರೋಗದ ಲಸಿಕೆಯನ್ನು 4ರಿಂದ 8 ತಿಂಗಳೊಳಗಿನ ಹೆಣ್ಣುಗರುವಿಗೆ ಜೀವಮಾನದಲ್ಲಿ ಒಮ್ಮೆ ಮಾತ್ರ ಹಾಕುತ್ತೇವೆ. ದಾಖಲೆ ಕಳೆದುಹೋದರೆ ಲಸಿಕೆ ಆಗಿದೆಯೋ ಇಲ್ಲವೋ ಹೇಳುವವರಾರು? ದೊಡ್ಡದಾದ ಮೇಲೆ ಮತ್ತೆ ಹಾಕಿದರೆ, ರಕ್ತಪರೀಕ್ಷೆಯಲ್ಲಿ ಕಂಡದ್ದು ರೋಗವೋ ಲಸಿಕೆಯ ಗುರುತೋ ಎಂಬ ಗೊಂದಲ ಏಳುತ್ತದೆ. ಹಸು ಬಾಯಿಬಿಟ್ಟು ಹೇಳುವುದಿಲ್ಲ.

ಈಗ ಆನೇಕಲ್, ಹೊಸಕೋಟೆ, ನೆಲಮಂಗಲದ ಕಡೆಯ ಸದಸ್ಯರು ಗಮನಿಸಿ. ನಿಮ್ಮ ಮನೆಯ ಮಕ್ಕಳು ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್, ಪೀಣ್ಯಕ್ಕೆ ಕೆಲಸಕ್ಕೆ ಹೋಗುತ್ತಾರೆ. ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಬಳಿ 332 ಎಕರೆಯಲ್ಲಿ ಕಿಯೋನಿಕ್ಸ್ ಸಂಸ್ಥೆ ಎಲೆಕ್ಟ್ರಾನಿಕ್ ಸಿಟಿಯನ್ನು ಆರಂಭಿಸಿದ್ದು 1970ರ ದಶಕದ ಕೊನೆಯಲ್ಲಿ. ಮಾಹಿತಿ ಸಂಗ್ರಹಣೆಯೇ ಕಸುಬಾಗಿರುವ ನೆಟ್‌ಆಪ್‌ನಂತಹ ಕಂಪನಿ ವೈಟ್‌ಫೀಲ್ಡ್‌ನಲ್ಲಿದೆ. ದೊಡ್ಡ ಕಂಪನಿಗಳು ತಮ್ಮ ಲೆಕ್ಕ ಇಡುವ ಒಂದು ವ್ಯವಸ್ಥೆಗೆ ಸ್ಟೋರೇಜ್ ಏರಿಯಾ ನೆಟ್‌ವರ್ಕ್, ಚುಟುಕಾಗಿ 'ಸ್ಯಾನ್' ಎನ್ನುತ್ತಾರೆ.

ಹೆಸರಿಗೆ ಹೆದರಬೇಡಿ. ನಿಮಗೆ ಬಲ್ಕ್ ಮಿಲ್ಕ್ ಕೂಲರ್ ಗೊತ್ತು. ಹಿಂದೆ ಪ್ರತಿ ಸಂಘದ ಕ್ಯಾನುಗಳು ಲಾರಿಗಾಗಿ ಕಾಯುತ್ತಿದ್ದವು. ಬೇಸಿಗೆಯಲ್ಲಿ ಹಾಲು ಒಡೆಯುತ್ತಿತ್ತು. ಸುತ್ತಲಿನ ಸಂಘಗಳ ಹಾಲು ಒಂದೇ ತೊಟ್ಟಿಗೆ ಸೇರಿ 4 ಡಿಗ್ರಿಗೆ ತಣ್ಣಗಾದ ಮೇಲೆ ಆ ನಷ್ಟ ತಪ್ಪಿತು. ಸ್ಯಾನ್ ಕೂಡ ಅಂತಹ ಸಾಮೂಹಿಕ ತೊಟ್ಟಿಯೇ. ಬಿಲ್ಲಿನ ಸರ್ವರ್, ಉಗ್ರಾಣದ ಸರ್ವರ್, ಸಂಬಳದ ಸರ್ವರ್ ಎಲ್ಲಕ್ಕೂ ಬೇರೆ ಬೇರೆ ಡಿಸ್ಕ್ ಇದ್ದರೆ ಒಂದು ತುಂಬಿ ತುಳುಕುತ್ತದೆ, ಇನ್ನೊಂದು ಖಾಲಿ ಬಿದ್ದಿರುತ್ತದೆ. ಡಿಸ್ಕುಗಳನ್ನೆಲ್ಲ ಒಂದೆಡೆ ಸೇರಿಸಿ, ಆ ಕೆಲಸಕ್ಕೇ ಮೀಸಲಾದ ವೇಗದ ದಾರಿಯಿಂದ ಸರ್ವರ್‌ಗಳಿಗೆ ಜೋಡಿಸುತ್ತಾರೆ. 1994ರಲ್ಲಿ ಮಾನಕವಾದ ಫೈಬರ್ ಚಾನೆಲ್ ಅಂತಹ ಒಂದು ದಾರಿ. ಸಾಮಾನ್ಯ ನೆಟ್‌ವರ್ಕ್ ತಂತಿಯಲ್ಲೇ ಸಾಗುವ ಐ-ಸ್ಕಸಿ ಎಂಬ ಅಗ್ಗದ ದಾರಿಯೂ ಇದೆ.

ಇದರಿಂದ ಲಾಭವೇನು? ಒಂದು ಸರ್ವರ್ ಕೆಟ್ಟರೆ ಇನ್ನೊಂದು ಅದೇ ಸಂಗ್ರಹವನ್ನು ಎತ್ತಿಕೊಂಡು ಕೆಲಸ ಮುಂದುವರಿಸಬಹುದು. ಒಂದು ಡಿಸ್ಕ್ ಸತ್ತರೂ ಉಳಿದವುಗಳಿಂದ ಅದರ ಮಾಹಿತಿಯನ್ನು ಮತ್ತೆ ಕಟ್ಟಿಕೊಳ್ಳುವಂತೆ ಜೋಡಿಸಿರುತ್ತಾರೆ. ಜಾಗ ಸಾಲದಾದರೆ ಕೆಲಸ ನಿಲ್ಲಿಸದೆ ಡಿಸ್ಕ್ ಸೇರಿಸಬಹುದು.

ತಂದಿಟ್ಟರೆ ಸಾಲದು, ಹದವಾಗಿ ಬಳಸಬೇಕು. ಮೊದಲನೆಯದಾಗಿ, ದಿನವೂ ಬೇಕಾದ ಲೆಕ್ಕ ವೇಗದ, ದುಬಾರಿ ಡಿಸ್ಕಿನಲ್ಲಿರಲಿ. ಹಳೆಯ ಲೆಕ್ಕ ನಿಧಾನದ, ಅಗ್ಗದ ಡಿಸ್ಕಿಗೆ ಹೋಗಲಿ. ಇಂದಿನ ಹಾಲನ್ನು ಪ್ಯಾಕೆಟ್ಟಿಗೂ ಮಿಕ್ಕದ್ದನ್ನು ಪುಡಿಗೂ ಕಳಿಸುವುದಿಲ್ಲವೇ, ಹಾಗೆ. ಎರಡನೆಯದಾಗಿ, ಒಂದೇ ಮಾಹಿತಿ ಹತ್ತು ಕಡೆ ಇದ್ದರೆ ಒಂದನ್ನುಳಿಸಿ ಜಾಗ ಉಳಿಸಬೇಕು. ಮೂರನೆಯದಾಗಿ, ಮುಂದೆ ಕೊಳ್ಳುವ ಹಸುವಿಗೆ ಇಂದೇ ಹುಲ್ಲು ಒಟ್ಟುವುದು ಬೇಡ. ಜಾಗವನ್ನು ಬೇಕಾದಂತೆ ಹಂಚಬೇಕು. ನಾಲ್ಕನೆಯದಾಗಿ, ಸರ್ವರಿನಿಂದ ಸಂಗ್ರಹಕ್ಕೆ ಎರಡು ದಾರಿಗಳಿರಬೇಕು. ಸೇತುವೆ ಕುಸಿದರೆ ಟ್ಯಾಂಕರ್ ಇನ್ನೊಂದು ರಸ್ತೆಯಲ್ಲಿ ಬರಬೇಕಲ್ಲ!

ಬಂಧುಗಳೇ, ಇಲ್ಲೊಂದು ಎಚ್ಚರಿಕೆಯ ಮಾತು. ಎಷ್ಟೇ ಬೆಲೆಯ ಸ್ಯಾನ್ ಇದ್ದರೂ ಅದು ನಕಲು ಪ್ರತಿಗೆ ಬದಲಿಯಲ್ಲ. ಯಾರೋ ತಪ್ಪಿ ಅಳಿಸಿದರೆ ಎಲ್ಲ ಡಿಸ್ಕಿನಲ್ಲೂ ಅಳಿಯುತ್ತದೆ. ದುಷ್ಟರು ಮಾಹಿತಿಗೆ ಬೀಗ ಹಾಕಿ ಹಣ ಕೇಳುವ ಕಾಲವಿದು. ತೊಟ್ಟಿಗೆ ಹುಳಿ ಬಿದ್ದರೆ ತೊಟ್ಟಿಯ ಹಾಲೆಲ್ಲ ಹೋದಂತೆ. ಆದ್ದರಿಂದ ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ ಎಂಬುದು ಬಲ್ಲವರ ನಿಯಮ. ಆ ಒಂದು ಪ್ರತಿ ಯಂತ್ರದಿಂದ ಬಿಡಿಸಿಟ್ಟದ್ದಾದರೆ ಇನ್ನೂ ಒಳ್ಳೆಯದು.

ಹಾಗಾದರೆ ನಮ್ಮ ಸಂಘಕ್ಕೂ ಸ್ಯಾನ್ ಕೊಳ್ಳಬೇಕೇ? ಖಂಡಿತ ಬೇಡ. ಹತ್ತಾರು ಸರ್ವರ್ ಇರುವ ಕಂಪನಿಗೆ, ದೊಡ್ಡ ಡೇರಿಗೆ ಅದು ಸರಿ. ಒಂದೇ ಗಣಕಯಂತ್ರದ ಸಂಘಕ್ಕೆ ಅದು ಎರಡು ಹಸುವಿಗೆ ನೂರು ಹಸುವಿನ ಕೊಟ್ಟಿಗೆ ಕಟ್ಟಿದಂತೆ. ಪೀಣ್ಯದ ಸಣ್ಣ ಕಾರ್ಖಾನೆಯವರಿಗೂ ಇದೇ ಮಾತು. ಆದರೆ ಅದರ ನೀತಿ ಎಲ್ಲರಿಗೂ ಸಲ್ಲುತ್ತದೆ.

ಕಾರ್ಯದರ್ಶಿಗಳು ಸಂಜೆಯ ಹಾಲು ಮುಗಿದ ಮೇಲೆ ಅಂದಿನ ಲೆಕ್ಕದ ಪ್ರತಿಯನ್ನು ಪೆನ್‌ಡ್ರೈವ್‌ಗೆ ಇಳಿಸಿ, ಕಿತ್ತು, ಸಂಘದ ಕಟ್ಟಡದಲ್ಲಲ್ಲದೆ ಬೇರೆಡೆ ಇಡಿ. ಸಿಡಿಲು ಬಡಿದರೆ ಗಣಕಯಂತ್ರವೂ ಅದಕ್ಕೆ ಚುಚ್ಚಿದ್ದ ಪ್ರತಿಯೂ ಒಟ್ಟಿಗೇ ಸುಡುತ್ತವೆ. ಯುಪಿಎಸ್ ಬ್ಯಾಟರಿ ನೋಡಿಕೊಳ್ಳಿ. ತಿಂಗಳಿಗೊಮ್ಮೆ ಆ ಪ್ರತಿಯನ್ನು ಬೇರೊಂದು ಯಂತ್ರದಲ್ಲಿ ತೆರೆದು ನೋಡಿ. ತೆರೆದು ನೋಡದ ಪ್ರತಿ ಗಬ್ಬ ಪರೀಕ್ಷೆ ಮಾಡಿಸದ ಹಸುವಿನಂತೆ, ನಂಬಿ ಕೂರುವಂತಿಲ್ಲ.

ಸದಸ್ಯರು ಹಾಲಿನ ಚೀಟಿಯನ್ನು ಬಟವಾಡೆ ಆಗುವವರೆಗೆ ಎಸೆಯಬೇಡಿ. ಕಿವಿಯೋಲೆ ಸಂಖ್ಯೆ, ಲಸಿಕೆ ಮತ್ತು ಕೃತಕ ಗರ್ಭಧಾರಣೆಯ ದಿನಾಂಕಗಳನ್ನು ಮನೆಯ ಪುಸ್ತಕದಲ್ಲೂ ಬರೆದಿಡಿ. ವಾರ್ಷಿಕ ಮಹಾಸಭೆಯಲ್ಲಿ ಲಾಭಾಂಶ ಕೇಳುವಂತೆಯೇ 'ನಮ್ಮ ಲೆಕ್ಕದ ಎರಡನೇ ಪ್ರತಿ ಎಲ್ಲಿದೆ? ಅದನ್ನು ಕಡೆಯ ಬಾರಿ ತೆರೆದು ನೋಡಿದ್ದು ಯಾವಾಗ?' ಎಂದು ಕೇಳಿ. ಕೇಳುವುದು ನಿಮ್ಮ ಹಕ್ಕು. ಬೆಳಗಿನ ಜಾವ ಎದ್ದು ಕರೆದ ಹಾಲಿನ ಬೆಲೆ ಆ ಅಂಕಿಗಳಲ್ಲಿದೆ.