ಪೋಪರ ಹೊಸಕೋಟೆಯ ಕೆಂಪು ವೈನ್

ಹೊಸಕೋಟೆ ಎಂಬ ಹೆಸರಿನ ಊರುಗಳು ನಮ್ಮ ನಾಡಿನಲ್ಲಿ ಅನೇಕ. ದಕ್ಷಿಣ ಫ್ರಾನ್ಸಿನಲ್ಲಿ, ರೋನ್ ನದಿಗೆ ಸಮೀಪದಲ್ಲಿಯೂ ಅಂಥದೊಂದು ಊರುಂಟು: ಷಾತೊನಫ್ ದ್ಯು ಪಾಪ್, ಎಂದರೆ ಪೋಪರ ಹೊಸಕೋಟೆ. ಹದಿನಾಲ್ಕನೆಯ ಶತಮಾನದಲ್ಲಿ ಪೋಪರು ರೋಮನ್ನು ಬಿಟ್ಟು ಅವಿನ್ಯೋಂ ನಗರದಲ್ಲಿ ನೆಲಸಿದ್ದಾಗ, ಅವರಲ್ಲೊಬ್ಬನಾದ ಇಪ್ಪತ್ತೆರಡನೆಯ ಜಾನ್ ಇಲ್ಲಿ ಕೋಟೆಯೊಂದನ್ನು ಕಟ್ಟಿಸಿದ. 1944ರಲ್ಲಿ ಜರ್ಮನ್ ಸೈನಿಕರು ಅದನ್ನು ಸಿಡಿಸಿದ ಮೇಲೆ ಉಳಿದಿರುವುದು ಮೊಂಡುಗೋಡೆ ಮಾತ್ರ. ಊರಿನ ಹೆಸರನ್ನು ಜಗತ್ತಿಗೆ ತಲಪಿಸಿದ್ದು ಅಲ್ಲಿಯ ಕೆಂಪು ವೈನ್.

ಈ ವೈನಿಗೆ ಹದಿಮೂರು ಜಾತಿಯ ದ್ರಾಕ್ಷಿಗಳು ಸಲ್ಲುತ್ತವೆ. ಅವುಗಳಲ್ಲಿ ಬಿಳಿಯವೂ ಸೇರಿವೆ. ಎಲ್ಲವನ್ನೂ ಬೆರೆಸಲೇಬೇಕೆಂಬ ಕಟ್ಟಳೆಯೇನೂ ಇಲ್ಲ. ಆದರೂ ಬಹುಪಾಲು ಬೆಳೆಗಾರರು ಬೆರೆಸುತ್ತಾರೆ, ಅದಕ್ಕೆ ಕಾರಣವೂ ಇದೆ. ಪ್ರಧಾನವಾದ ಗ್ರೆನಾಷ್ ದ್ರಾಕ್ಷಿ ಬಿಸಿಲಿಗೂ ಗಾಳಿಗೂ ಜಗ್ಗದು. ಅದರ ರಸ ಮಧುರ, ತುಂಬು ಮೈಯದು. ಆದರೆ ಬಣ್ಣ ತೆಳು, ಹುಳಿ ಕಡಿಮೆ. ಹೂಬಿಡುವ ಕಾಲದಲ್ಲಿ ಹವೆ ಕೆಟ್ಟರೆ ಕಾಯಿ ಕಚ್ಚದೆ ಉದುರಿಹೋಗುತ್ತದೆ. ಆಗ ಸಿರಾ ಬಣ್ಣ ಕೊಡುತ್ತದೆ. ಮೂರ್ವೆದ್ರ್ ಒಗರನ್ನೂ ದೀರ್ಘಾಯುಸ್ಸನ್ನೂ ಕೊಡುತ್ತದೆ. ಕೂನ್ವಾಜ್ ಹುಳಿಯನ್ನು ತರುತ್ತದೆ. ಹೊಲದಲ್ಲಿ ಅಕ್ಕಡಿ ಸಾಲು ಹಾಕುವ ನಮ್ಮ ರೈತನಿಗೆ ಈ ಲೆಕ್ಕವನ್ನು ವಿವರಿಸಿ ಹೇಳಬೇಕಾಗಿಲ್ಲ.

ಈ ವೈನಿನ ಚರಿತ್ರೆಯಲ್ಲಿ ಕಷ್ಟದ ಕಾಲವೂ ಉಂಟು. 1860ರ ದಶಕದಲ್ಲಿ ಫಿಲಾಕ್ಸೆರ ಎಂಬ ಬೇರುಹೇನು ಈ ಸೀಮೆಯ ಬಳ್ಳಿಗಳನ್ನು ಹಾಳುಗೆಡವಿತು. ಮತ್ತೆ ನೆಟ್ಟು ಬೆಳೆಸಿದ ಮೇಲೆಯೂ ಇಲ್ಲಿಯ ವೈನ್ ಪೀಪಾಯಿಗಳಲ್ಲಿ ಬರ್ಗಂಡಿಗೆ ಹೋಗಿ, ಅಲ್ಲಿಯ ತೆಳು ವೈನುಗಳಿಗೆ ಕಸುವು ತುಂಬಿ, ಹೆಸರಿಲ್ಲದೆ ಕರಗಿಹೋಗುತ್ತಿತ್ತು. ಇತ್ತ ಎಲ್ಲಿಯದೋ ವೈನು ಈ ಊರಿನ ಹೆಸರು ಹೊತ್ತು ಮಾರಾಟವಾಗುತ್ತಿತ್ತು. ಹೆಸರು ಹೋದರೆ ಬೆಳೆಗಾರನಿಗೆ ಉಳಿಯುವುದೇನು? 1923ರಲ್ಲಿ ಬ್ಯಾರನ್ ಪಿಯೆರ್ ಲ ರ್ವಾ ಎಂಬ ಬೆಳೆಗಾರ ಮುಂದಾಳಾಗಿ, ತಮಗೆ ತಾವೇ ಕಟ್ಟಳೆ ಹಾಕಿಕೊಳ್ಳುವಂತೆ ಊರಿನವರನ್ನು ಒಡಂಬಡಿಸಿದ. ಥೈಮ್ ಮತ್ತು ಲ್ಯಾವೆಂಡರ್ ಬೆಳೆಯುವಂಥ ಬಡನೆಲದಲ್ಲಿಯೇ ಬಳ್ಳಿಯಿರಬೇಕು. ಕೆಟ್ಟ ಗೊನೆಗಳನ್ನು ಆರಿಸಿ ತೆಗೆಯಬೇಕು. ಮದ್ಯಸಾರ ನೂರಕ್ಕೆ ಹನ್ನೆರಡೂವರೆಗಿಂತ ಕಡಿಮೆಯಿರಕೂಡದು. ಫಲವತ್ತಾದ ಭೂಮಿಯನ್ನು ಹೊರಗಿಟ್ಟ ಈ ಜಾಣತನ ನನಗೆ ಬಲು ಮೆಚ್ಚುಗೆ. 1936ರಲ್ಲಿ ಸರಕಾರವೂ ಈ ಸೀಮೆಗೆ ಕಾನೂನಿನ ರಕ್ಷೆ ನೀಡಿತು. (ಕಟ್ಟಳೆಯ ರುಚಿ ಹತ್ತಿದ ಊರು ತಾನೆ! 1954ರಲ್ಲಿ ಹಾರುವ ತಟ್ಟೆಗಳು ಊರಿನಲ್ಲಿ ಇಳಿಯಕೂಡದೆಂದು ಅಲ್ಲಿಯ ಮೇಯರ್ ಆಜ್ಞೆ ಹೊರಡಿಸಿದ.)

ಅನೇಕ ತೋಟಗಳಲ್ಲಿ ಮಣ್ಣೇ ಕಾಣದಷ್ಟು ಉರುಟುಗಲ್ಲುಗಳು. ಹಗಲಿನ ಬಿಸಿಲನ್ನು ಹೀರಿ ಅವು ರಾತ್ರಿ ಬಳ್ಳಿಗೆ ಕಾವು ಕೊಡುತ್ತವೆ. ಹಿಂದೆ ಇದು ವರವಾಗಿತ್ತು. ಈಗ ಭೂಮಿಯೇ ಬಿಸಿಯಾಗುತ್ತಿರುವುದರಿಂದ ಗ್ರೆನಾಷಿನಲ್ಲಿ ಸಕ್ಕರೆಯೇರಿ, ಮದ್ಯಸಾರ ನೂರಕ್ಕೆ ಹದಿನಾಲ್ಕು, ಹದಿನೈದಕ್ಕೆ ಮುಟ್ಟುತ್ತಿದೆ. ಹಿಂದೆ ಅಷ್ಟಾಗಿ ಲಕ್ಷ್ಯಕ್ಕೆ ಬಾರದಿದ್ದ ಕೂನ್ವಾಜಿನಂಥ ಹುಳಿಯ ಜಾತಿಗಳಿಗೆ ಈಗ ಬೆಲೆ ಬಂದಿರುವುದು ಇದರಿಂದಲೇ.

ಇನ್ನು ಊಟದ ಮಾತು. ಕುರಿಮರಿಯ ಮಾಂಸ, ವೈನಿನಲ್ಲಿಯೇ ನಿಧಾನವಾಗಿ ಬೇಯಿಸಿದ ದನದ ಮಾಂಸ, ಕಾಡುಹಂದಿ, ಹಳೆಯ ಗಟ್ಟಿ ಚೀಸು, ಇವು ಆ ಸೀಮೆಯವರ ಜೋಡಣೆ. ಕೊಬ್ಬು ಒಗರನ್ನು ಮೆತ್ತಗಾಗಿಸುತ್ತದೆ. ಮಾಂಸಕ್ಕೆ ಹಾಕುವ ಥೈಮಿನ ಸೊಪ್ಪು ಅದೇ ಬೆಟ್ಟದ್ದು. ನಮ್ಮ ಖಾರದ ಸಾರಿನೊಡನೆ ಮಾತ್ರ ಇದು ಹೊಂದಲಾರದು. ಮದ್ಯಸಾರ ಮೆಣಸಿನಕಾಯಿಯ ಉರಿಯನ್ನು ಇಮ್ಮಡಿಸುತ್ತದೆ, ನಾಲಗೆಗೆ ಎರಡರ ರುಚಿಯೂ ಸಿಗದೆ ಹೋಗುತ್ತದೆ.