ಕ್ಯಾಮೆರಾ ಹಿಡಿದವನು ಎಲ್ಲಿ ಕೂತಿದ್ದ?

ಇವತ್ತು ರಾಜಕೀಯ ಬೇಡ. ರೆಸಾರ್ಟು ಬೇಡ, ಬಣ ಬೇಡ, ಯಾರು ಯಾರ ಮನೆಗೆ ಉಪ್ಪಿಟ್ಟು ತಿನ್ನೋಕೆ ಹೋದ್ರು ಅನ್ನೋದೂ ಬೇಡ. ನೋಡಿ ನೋಡಿ ನಿಮಗೂ ಸಾಕಾಗಿದೆ, ಹೇಳಿ ಹೇಳಿ ನನಗೂ ಸಾಕಾಗಿದೆ. ಇವತ್ತು ಒಂದು ಫೋಟೋ ತಂದಿದ್ದೀನಿ. ಅದನ್ನು ತೆಗೆದವನ ಬಗ್ಗೆ ಮಾತಾಡೋಣ.

ಸ್ಕ್ರೀನ್ ಮೇಲೆ ನೋಡಿ. ಮೇಲ್ಛಾವಣಿ ಇಲ್ಲದ ಕಾರು. ಸ್ಟೀರಿಂಗ್ ಹಿಡಿದ ಎರಡು ಕೈ. ಡ್ರೈವರ್ ಮುಖ ಪಕ್ಕದಿಂದ ಕಾಣ್ತಿದೆ, ಕಣ್ಣಿಗೆ ಗಾಗಲ್ಸ್. ಮುಂದೆ ರಸ್ತೆ. ಅದು ರೇಸ್ ಟ್ರ್ಯಾಕ್ ಅಲ್ಲ. ಊರಿಂದ ಊರಿಗೆ ಬಸ್ಸು, ಲಾರಿ ಓಡಾಡುವ ಮಾಮೂಲಿ ರಸ್ತೆ. ಕಾರು ಫೆರಾರಿ, ನಾಲ್ಕು ಲೀಟರ್ ಎಂಜಿನ್, ಹನ್ನೆರಡು ಸಿಲಿಂಡರ್. ನೇರ ರಸ್ತೆ ಸಿಕ್ಕರೆ ಗಂಟೆಗೆ 250 ಕಿಲೋಮೀಟರಿಗೂ ಮೀರಿ ಓಡುವ ಗಾಡಿ. ಈಗ ಹೇಳಿ, ಈ ಫೋಟೋ ತೆಗೆದವನು ಎಲ್ಲಿದ್ದ?

ಪಕ್ಕದ ಸೀಟಿನಲ್ಲಿ ಸ್ವಾಮಿ. ಕ್ಯಾಮೆರಾ ಹಿಡ್ಕೊಂಡು ಅದೇ ಕಾರಿನಲ್ಲಿ ಕೂತಿದ್ದ. ಅದೂ ಪ್ರಾಕ್ಟೀಸ್ ದಿನ ಅಲ್ಲ, ನಿಜವಾದ ರೇಸ್ ನಡೀತಿರೋವಾಗ.

ಹೆಸರು ಲೂಯಿ ಕ್ಲೆಮಾಂಟಾಸ್ಕಿ. ಹುಟ್ಟಿದ್ದು 1912ರಲ್ಲಿ, ಚೀನಾದ ಹಾರ್ಬಿನ್ ಎಂಬ ಊರಿನಲ್ಲಿ. ಎಲ್ಲಿಯ ಹಾರ್ಬಿನ್, ಎಲ್ಲಿಯ ಇಂಗ್ಲೆಂಡ್! ಹುಡುಗನಾಗಿದ್ದಾಗಲೇ ಇಂಗ್ಲೆಂಡಿಗೆ ಬಂದ. ಬಂದವನಿಗೆ ರೇಸ್ ಹುಚ್ಚು ಹತ್ತಿತು. ಬ್ರೂಕ್‌ಲ್ಯಾಂಡ್ಸ್ ಅಂತ ಒಂದು ಟ್ರ್ಯಾಕ್ ಇತ್ತು, 1907ರಲ್ಲಿ ಕಟ್ಟಿದ್ದು, ಬಾಣಲೆಯ ಅಂಚಿನ ಹಾಗೆ ಓರೆಯಾಗಿ ಎದ್ದ ಕಾಂಕ್ರೀಟ್ ಗೋಡೆಯ ಮೇಲೆ ಕಾರು ಓಡಿಸೋದು. ಅಲ್ಲಿ ಈತನೂ ಕಾರು ಓಡಿಸಿದ. ಬಿದ್ದ. ಚೆನ್ನಾಗಿಯೇ ಪೆಟ್ಟಾಯಿತು. ಡ್ರೈವರ್ ಆಗುವ ಕನಸು ಅಲ್ಲಿಗೆ ಮುಗಿಯಿತು.

ಬೇರೆ ಯಾರಾದರೂ ಆಗಿದ್ದರೆ ಮನೆಗೆ ಹೋಗಿ ಅಪ್ಪ ಹೇಳಿದ ಕೆಲಸಕ್ಕೆ ಸೇರ್ಕೊಳ್ತಿದ್ದರು. ಈತ ಕ್ಯಾಮೆರಾ ಎತ್ತಿಕೊಂಡ. ಕಾರಿನೊಳಗೆ ಕೂರೋಕಾಗಲ್ಲ ತಾನೇ, ಕಾರಿನ ಪಕ್ಕದಲ್ಲೇ ನಿಲ್ತೀನಿ ಅಂದ. ಆ ಕಾಲದಲ್ಲಿ ರೇಸ್ ಫೋಟೋ ಅಂದರೆ ಏನಿತ್ತು? ದೂರದಲ್ಲೊಂದು ಕಾರು, ಹಿಂದೆ ಧೂಳು, ಕೆಳಗೆ ಹೆಸರು. ಕ್ಲೆಮಾಂಟಾಸ್ಕಿಗೆ ಕಾರಿಗಿಂತ ಕಾರಿನೊಳಗಿನ ಮನುಷ್ಯ ಮುಖ್ಯ. ತಾನೇ ಸ್ಟೀರಿಂಗ್ ಹಿಡಿದು ಬಿದ್ದವನಲ್ವಾ, ತಿರುವಿನಲ್ಲಿ ಡ್ರೈವರ್ ಮುಖ ಯಾವಾಗ ಬಿಗಿಯುತ್ತೆ, ಕೈ ಯಾವಾಗ ತಿರುಗುತ್ತೆ ಅನ್ನೋದು ಅವನಿಗೆ ಗೊತ್ತಿತ್ತು. ಆ ಕ್ಷಣಕ್ಕೆ ಕಾದು ಒತ್ತುತ್ತಿದ್ದ. ಕಾರಿನ ಜೊತೆಗೇ ಕ್ಯಾಮೆರಾ ತಿರುಗಿಸೋದು, ಕಾರು ಸ್ಪಷ್ಟ, ಹಿನ್ನೆಲೆ ಪೂರಾ ಗೆರೆಗೆರೆ. ನಮ್ಮ ಹುಡುಗರು ಇವತ್ತು ಪ್ಯಾನಿಂಗ್ ಅಂತಾರಲ್ಲ, ಅದೇ. ಇವತ್ತಿನ ಕ್ಯಾಮೆರಾ ಸೆಕೆಂಡಿಗೆ ಇಪ್ಪತ್ತು ಚಿತ್ರ ತೆಗೆಯುತ್ತೆ, ಹತ್ತೊಂಬತ್ತನ್ನು ಬಿಸಾಕಬಹುದು. ಅವನಿಗೆ ಸಿಗುತ್ತಿದ್ದದ್ದು ಒಂದೇ. ತಪ್ಪಿದರೆ ಕಾರು ಹೋಯ್ತು, ಚಿತ್ರವೂ ಹೋಯ್ತು.

1937 ಮತ್ತು 38ರಲ್ಲಿ ಹಿಟ್ಲರನ ಜರ್ಮನಿಯಿಂದ ಮರ್ಸಿಡಿಸ್, ಆಟೋ ಯೂನಿಯನ್ ಕಾರುಗಳು ಇಂಗ್ಲೆಂಡಿನ ಡೋನಿಂಗ್ಟನ್‌ಗೆ ಬಂದವು. ಅಲ್ಲಿ ಒಂದು ದಿಬ್ಬ. ದಿಬ್ಬ ಹತ್ತಿದ ಕೂಡಲೇ ಆ ಬೆಳ್ಳಿ ಬಣ್ಣದ ಕಾರುಗಳ ನಾಲ್ಕೂ ಚಕ್ರ ನೆಲ ಬಿಟ್ಟು ಗಾಳಿಯಲ್ಲಿ! ಇಂಗ್ಲೆಂಡಿನ ಜನ ಅಂಥದ್ದನ್ನು ನೋಡೇ ಇರಲಿಲ್ಲ. ಕ್ಲೆಮಾಂಟಾಸ್ಕಿ ಆ ರೇಸುಗಳಲ್ಲೂ ಕ್ಯಾಮೆರಾ ಹಿಡಿದು ನಿಂತಿದ್ದ. ಮರುವರ್ಷ ಯುದ್ಧ.

ಯುದ್ಧದ ಒಂದು ಕಥೆ ಹೇಳದೆ ಮುಂದೆ ಹೋಗಲ್ಲ. ಬ್ರಿಟಿಷ್ ನೌಕಾಪಡೆಯಲ್ಲಿ ಚಿತ್ರವಿಚಿತ್ರ ಆಯುಧ ಕಂಡುಹಿಡಿಯೋದಕ್ಕೇ ಒಂದು ಇಲಾಖೆ ಇತ್ತು. ಈತ ಅಲ್ಲಿಯ ಫೋಟೋಗ್ರಾಫರ್. ಪರೀಕ್ಷೆಗಳನ್ನೆಲ್ಲ ಚಿತ್ರೀಕರಿಸೋದು ಕೆಲಸ. ಅವರು ಪಂಜಾಂಡ್ರಮ್ ಅಂತ ಒಂದು ಯಂತ್ರ ಮಾಡಿದರು. ಆಳೆತ್ತರ ಮೀರಿದ ಎರಡು ಚಕ್ರ, ನಡುವೆ ಸ್ಫೋಟಕ ತುಂಬೋ ಪೀಪಾಯಿ, ಚಕ್ರದ ಸುತ್ತ ರಾಕೆಟ್. ನಮ್ಮ ದೀಪಾವಳಿ ನೆಲಚಕ್ರವನ್ನು ಮನೆಯಷ್ಟು ದೊಡ್ಡದು ಮಾಡಿ ನಿಲ್ಲಿಸಿದ ಹಾಗೆ. 1944ರ ಜನವರಿ, ಸಮುದ್ರ ತೀರ, ಅಡ್ಮಿರಲ್‌ಗಳು, ಜನರಲ್‌ಗಳು ಸಾಲಾಗಿ ನಿಂತಿದ್ದಾರೆ. ಬೆಂಕಿ ಕೊಟ್ಟರು. ಚಕ್ರ ಉರುಳಿತು. ನೆಟ್ಟಗೆ ಹೋಗ್ಬೇಕಾದ್ದು ಸೊಟ್ಟ ತಿರುಗಿತು. ಕ್ಲೆಮಾಂಟಾಸ್ಕಿ ಟೆಲಿ ಲೆನ್ಸಿನಲ್ಲಿ ಕಣ್ಣಿಟ್ಟು ತೆಗೀತಾ ಇದ್ದಾನೆ. ಲೆನ್ಸಿನೊಳಗೆ ದೂರದ ಅಂದಾಜು ಸಿಗಲ್ಲ ನೋಡಿ. ಸದ್ದು ಜೋರಾಯಿತು ಅಂತ ತಲೆ ಎತ್ತಿದರೆ ಬೆಂಕಿ ಉಗುಳ್ತಾ ಆ ಚಕ್ರ ನೇರ ಅವನ ಮೇಲೇ ಬರ್ತಾ ಇದೆ! ಓಡಿದ. ಓಡುವಾಗ ನೋಡಿದರೆ ಅಡ್ಮಿರಲ್ಲು, ಜನರಲ್ಲು ಎಲ್ಲ ಮುಳ್ಳುತಂತಿಯೊಳಗೆ ಬೀಳ್ತಿದ್ದಾರೆ. ಯಂತ್ರ ರದ್ದಾಯಿತು. ಫಿಲ್ಮ್ ಇವತ್ತಿಗೂ ಇದೆ, ಸಮಯ ಸಿಕ್ಕಾಗ ನೋಡಿ. ನಾನು ಮೂರು ಸಲ ನೋಡಿದ್ದೀನಿ.

ಇರಲಿ. ಯುದ್ಧ ಮುಗಿಯಿತು, ರೇಸ್ ಮತ್ತೆ ಶುರುವಾಯಿತು. ಇಟಲಿಯಲ್ಲಿ ಮಿಲ್ಲೆ ಮಿಲಿಯಾ ಅಂತ ಒಂದು ಓಟ. ಹೆಸರಿನ ಅರ್ಥವೇ ಸಾವಿರ ಮೈಲಿ. ಬ್ರೆಶಿಯಾದಿಂದ ಹೊರಟು ರೋಮ್‌ವರೆಗೆ ಹೋಗಿ ಮತ್ತೆ ಬ್ರೆಶಿಯಾಕ್ಕೆ. ಒಂದೊಂದೇ ಕಾರು ಬಿಡ್ತಾರೆ, ಹೊರಟ ಗಂಟೆ ನಿಮಿಷವೇ ಕಾರಿನ ನಂಬರ್. 534 ಅಂದರೆ ಬೆಳಗ್ಗೆ 5 ಗಂಟೆ 34 ನಿಮಿಷಕ್ಕೆ ಹೊರಟದ್ದು. ಪಕ್ಕದಲ್ಲಿ ಒಬ್ಬ ನಾವಿಗೇಟರ್ ಕೂರಬಹುದು. ಅಷ್ಟು ಹೊತ್ತಿಗೆ ಡ್ರೈವರ್‌ಗಳೆಲ್ಲ ಈತನನ್ನು 'ಕ್ಲೆಮ್' ಅಂತ ಕರೀತಿದ್ದರು. ನಂಬಿಕೆ ಇತ್ತು. 1953ರಲ್ಲಿ ರೆಗ್ ಪಾರ್ನೆಲ್ ಜೊತೆ ಆಸ್ಟನ್ ಮಾರ್ಟಿನ್‌ನಲ್ಲಿ ಕೂತ. ದಾರಿಯಲ್ಲಿ ಆಕ್ಸಿಲರೇಟರ್ ಜೋಡಣೆ ಮುರೀತು. ಏನು ಮಾಡಿದರು ಗೊತ್ತಾ? ತಂತಿ ಕಟ್ಟಿ ಥ್ರಾಟಲ್ ಪೂರ್ತಿ ತೆರೆದೇ ಇಟ್ಟರು. ತಿರುವು ಬಂದಾಗ ಇಗ್ನಿಷನ್ ಆಫ್, ತಿರುವು ದಾಟಿದ ಮೇಲೆ ಆನ್. ಹಾಗೇ ಬಂದು ಐದನೇ ಸ್ಥಾನ!

ಈಗ ಮತ್ತೆ ಆ ಫೋಟೋಗೆ ಬರೋಣ. 1957, ಮೇ 12. ಕಾರಿನ ನಂಬರ್ 534. ಸ್ಟೀರಿಂಗ್ ಹಿಡಿದವನು ಪೀಟರ್ ಕಾಲಿನ್ಸ್, ಇಪ್ಪತ್ತೈದರ ಹುಡುಗ. ರೋಮ್ ದಾಟಿ ಬೊಲೋನ್ಯಾ ತಲುಪುವಾಗ ಇವರದ್ದೇ ಕಾರು ಎಲ್ಲರಿಗಿಂತ ಮುಂದೆ. ಗೆದ್ದೇಬಿಟ್ಟರು ಅನ್ನುವಾಗ ಪಾರ್ಮಾ ಹತ್ತಿರ ಕೈಕೊಟ್ಟಿತು. ಟ್ರಾನ್ಸ್‌ಮಿಷನ್ ಮುರಿದು ಕಾರು ರಸ್ತೆ ಬದಿಯಲ್ಲಿ ನಿಂತಿತು. ಪಾಪ ಅನ್ನಿಸುತ್ತಲ್ವಾ?

ಅದೇ ದಿನ ಅವರಿಗಿಂತ ಮೂರು ನಿಮಿಷ ಮುಂಚೆ ಹೊರಟ ಇನ್ನೊಂದು ಫೆರಾರಿ ಇತ್ತು, ನಂಬರ್ 531. ಓಡಿಸ್ತಿದ್ದವನು ಸ್ಪೇನಿನ ಶ್ರೀಮಂತ ಮನೆತನದ ಡಿ ಪೋರ್ಟಾಗೊ. ಪಕ್ಕದಲ್ಲಿ ಗೆಳೆಯ ನೆಲ್ಸನ್. ರೋಮ್‌ನಲ್ಲಿ ನಟಿ ಲಿಂಡಾ ಕ್ರಿಶ್ಚಿಯನ್ ಕಾರಿನ ಬಳಿ ಬಂದು ಅವನಿಗೆ ಮುತ್ತು ಕೊಟ್ಟಳು, ಫೋಟೋಗ್ರಾಫರುಗಳು ತೆಗೆದರು. ಓಟ ಮುಗಿಯಲು ಇನ್ನು ಸ್ವಲ್ಪವೇ ದೂರ, ಗ್ವಿದಿಝೋಲೊ ಎಂಬ ಹಳ್ಳಿಯ ಹತ್ತಿರ ಟೈರ್ ಸಿಡಿಯಿತು. ಕಾರು ಜನರ ಮೇಲೆ ಹೋಯಿತು. ಅವರಿಬ್ಬರೂ ಸತ್ತರು. ರಸ್ತೆ ಬದಿ ನಿಂತು ನೋಡ್ತಿದ್ದ ಒಂಬತ್ತು ಜನ ಸತ್ತರು. ಒಂಬತ್ತರಲ್ಲಿ ಐದು ಮಕ್ಕಳು.

ಮಿಲ್ಲೆ ಮಿಲಿಯಾ ಅಲ್ಲಿಗೆ ನಿಂತಿತು. ಎಂಝೋ ಫೆರಾರಿ ಮೇಲೆ ಕೇಸು ಬಿತ್ತು, 1961ರಲ್ಲಿ ಖುಲಾಸೆಯಾಯಿತು. ಆ ವರ್ಷ ಗೆದ್ದ ಟರೂಫಿ, ಐವತ್ತು ವರ್ಷದವನು, ರೇಸ್ ಬಿಟ್ಟೇಬಿಟ್ಟ. ಇಂಥ ರೇಸ್ ನಿಲ್ಲಿಸಿ ಅಂತ ಪತ್ರಿಕೆಯಲ್ಲಿ ಲೇಖನವನ್ನೂ ಬರೆದ. ಪೀಟರ್ ಕಾಲಿನ್ಸ್ ಮರುವರ್ಷ ಆಗಸ್ಟಿನಲ್ಲಿ ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ಅಪಘಾತವಾಗಿ ಸತ್ತ. ಫೋಟೋದಲ್ಲಿ ಕಾಣ್ತಿವೆಯಲ್ಲ, ಆ ಕೈಗಳು ಅವನವು.

ಆ ದಿನ ಜಗತ್ತಿನ ಪತ್ರಿಕೆಗಳಲ್ಲಿ ಓಡಿದ್ದು ಯಾವ ಫೋಟೋ? ಮುತ್ತಿನ ಫೋಟೋ. ಅದಕ್ಕೆ 'ಸಾವಿನ ಮುತ್ತು' ಅಂತ ಹೆಸರೂ ಬಿತ್ತು. ಬೈಯ್ಯೋಕೆ ನನಗೇನು ಹಕ್ಕಿದೆ ಹೇಳಿ, ಆ ರಾತ್ರಿ ನಾನು ಡೆಸ್ಕಿನಲ್ಲಿದ್ದರೆ ನಾನೂ ಅದನ್ನೇ ಹಾಕ್ತಿದ್ದೆ. ದಿನವಿಡೀ ಓಡಿಸ್ತಿದ್ದೆ, ಕೆಂಪು ಸರ್ಕಲ್ ಹಾಕಿ. ಆದರೆ ರೇಸ್ ಬಲ್ಲವರು ಇವತ್ತಿಗೂ ತೆಗೆದು ನೋಡೋದು ಕ್ಲೆಮ್ ತೆಗೆದದ್ದನ್ನು. ಅವನು ಸತ್ತವರ ಚಿತ್ರ ತೆಗೆದು ಹೆಸರು ಮಾಡಲಿಲ್ಲ. ತೆಗೆದದ್ದು ಬದುಕಿದ್ದವರದ್ದು, ಅವರ ಪಕ್ಕ ಅಷ್ಟೇ ಅಪಾಯದಲ್ಲಿ ಕೂತು. ತೊಂಬತ್ತರ ಹತ್ತಿರ ಬಂದು 2001ರಲ್ಲಿ ತೀರಿಕೊಂಡ. ನೆಗೆಟಿವ್‌ಗಳೆಲ್ಲ ಅಮೆರಿಕದ ಸಂಗ್ರಾಹಕರೊಬ್ಬರ ಕೈಸೇರಿ ಅವನದೇ ಹೆಸರಿನ ಸಂಗ್ರಹವಾಗಿವೆ.

ಇದನ್ನೆಲ್ಲ ಈಗ ಯಾಕೆ ಹೇಳ್ತಿದ್ದೀನಿ ಅಂದರೆ, ನನ್ನದೊಂದು ಬಾಕಿ ಇದೆ.

ಕೆಲವು ವರ್ಷದ ಹಿಂದೆ ಮಲೆನಾಡಿನ ಕಡೆ ಒಂದು ಕಾರ್ ರ‍್ಯಾಲಿ. ಕಾಫಿ ತೋಟದ ಮಣ್ಣಿನ ರಸ್ತೆ. ನಮ್ಮ ಕ್ಯಾಮೆರಾಮನ್ ಹುಡುಗನೊಬ್ಬನನ್ನು ಕಳಿಸಿದ್ದೆ. ಬೆಳಗ್ಗೆ ಅವನು ಕಳಿಸಿದ ಶಾಟ್ ನೋಡಿ ನಾನೇ ಫೋನ್ ಮಾಡಿದೆ. ಏನಪ್ಪಾ ಇದು, ಮದುವೆ ವಿಡಿಯೋ ಥರ ಇದೆ, ಇನ್ನೂ ಹತ್ತಿರ ಹೋಗು ಅಂದೆ. ಸರಿ ಸಾರ್ ಅಂದ. ಹೋದ. ತಿರುವಿನ ಹೊರಬದಿಯಲ್ಲಿ ನಿಂತ. ಕಾರು ಎಲ್ಲಿ ಜಾರುತ್ತೋ ಅಲ್ಲೇ. ಅಲ್ಲಿ ನಿಲ್ಲಬೇಡಿ ಅಂತ ಅಲ್ಲಿದ್ದವರು ಸೀಟಿ ಊದಿದರಂತೆ. ಕಾರು ಜಾರಿತು. ಟ್ರೈಪಾಡ್ ಹಾರಿಹೋಯಿತು. ಹುಡುಗನ ಕಾಲು ಎರಡು ಕಡೆ ಮುರೀತು.

ಮಧ್ಯಾಹ್ನ ರಿಪೋರ್ಟರ್ ಫೋನ್ ಮಾಡಿ, ಸಾರ್, ಹೀಗಾಗಿದೆ ಅಂದ. ನನ್ನ ಬಾಯಿಂದ ಬಂದ ಮೊದಲ ಮಾತು ಏನು ಗೊತ್ತಾ? "ವಿಷುವಲ್ಸ್ ಬಂತಾ?"

ಆಮೇಲೆ ಕೇಳಿದೆ, ಅವನು ಹೇಗಿದ್ದಾನೆ ಅಂತ. ಆದರೆ ಆಮೇಲೆ. ಆ ಕಡೆ ರಿಪೋರ್ಟರ್ ಒಂದು ಕ್ಷಣ ಸುಮ್ಮನಿದ್ದ. ಆ ಸುಮ್ಮನಿದ್ದದ್ದು ನನಗೆ ಇವತ್ತಿಗೂ ಕೇಳಿಸುತ್ತೆ. ವಿಷುವಲ್ಸ್ ಬಂದಿತ್ತು. ಸಂಜೆ ಹಾಕಿದೆವು. 'ನಮ್ಮ ಕ್ಯಾಮೆರಾದಲ್ಲಿ ಮಾತ್ರ' ಅಂತ ಪಟ್ಟಿ ಬೇರೆ. ಹುಡುಗನ ಹೆಸರು ಅದರಲ್ಲಿ ಇರಲಿಲ್ಲ.

ಕ್ಲೆಮ್‌ನನ್ನು ಆ ಸೀಟಿನಲ್ಲಿ ಯಾರೂ ಬಲವಂತವಾಗಿ ಕೂರಿಸಲಿಲ್ಲ. ತಾನೇ ಕೂತ. ಅಪಾಯ ಎಷ್ಟು ಅಂತ ಮೂಳೆಯಲ್ಲಿ ಗೊತ್ತಿದ್ದವನು ಅವನು. ನಮ್ಮ ಹುಡುಗ ಹತ್ತಿರ ಹೋದದ್ದು ಏಸಿ ಸ್ಟುಡಿಯೋದಲ್ಲಿ ಕೂತ ನಾನು ಹೇಳಿದೆ ಅಂತ. ಎರಡಕ್ಕೂ ಒಂದೇ ಹೆಸರು ಕೊಟ್ಟು 'ಧೈರ್ಯ' ಅಂತೀವಲ್ಲ, ಅಲ್ಲೇ ನಮ್ಮ ಮೋಸ ಇರೋದು.

ಹುಡುಗ ಈಗಲೂ ನಮ್ಮಲ್ಲೇ ಇದ್ದಾನೆ. ಸ್ವಲ್ಪ ಕುಂಟ್ತಾನೆ. ಈಗ ನನ್ನ ಎದುರಿಗಿರೋ ಎರಡನೇ ಕ್ಯಾಮೆರಾ ಹಿಂದೆ ನಿಂತಿರೋದು ಅವನೇ. ಹೆಸರು ಹೇಳಲಾ ಅಂತ ಕೇಳಿದೆ, ಬೇಡ ಸಾರ್, ಮನೇಲಿ ಅಮ್ಮ ಮತ್ತೆ ಶುರು ಮಾಡ್ತಾರೆ ಅಂದ. ಮಧ್ಯಾಹ್ನ ಈ ಫೋಟೋ ಅವನಿಗೆ ತೋರಿಸಿದೆ. ಬಹಳ ಹೊತ್ತು ನೋಡಿದ. ಏನಾದರೂ ದೊಡ್ಡ ಮಾತು ಹೇಳ್ತಾನೆ ಅಂದ್ಕೊಂಡೆ.

"ಸಾರ್, ಇವರು ಬೆಲ್ಟೇ ಹಾಕಿಲ್ವಲ್ಲ?" ಅಂದ.

ಆ ಕಾಲದಲ್ಲಿ ಅಲ್ಲಿ ಆ ರೂಢಿ ಇರಲಿಲ್ಲಪ್ಪ ಅಂದೆ.

"ಹಾಗಾದ್ರೆ ಕ್ಯಾಮೆರಾ ಹಿಡಿದ ಕೈ ಬಿಟ್ರೆ, ಇನ್ನೊಂದು ಕೈಯಲ್ಲಿ ಏನು ಹಿಡ್ಕೊಂಡಿದ್ರು ಸಾರ್?"